ಮೆಡಿಕಲ್ ಶಾಪ್ ಹುಡುಗರಿಗೆ ಕಿವಿಯ ಪಾಠ: ಹಳ್ಳಿಗಾಡಿನಲ್ಲಿ ತರಬೇತಿ ನಡೆಸುವವರಿಗೊಂದು ಮಾರ್ಗದರ್ಶಿ

ಕೊಪ್ಪಳ ಜಿಲ್ಲೆಯ ಒಂದು ಮೆಡಿಕಲ್ ಶಾಪಿನಲ್ಲಿ ಸಂಜೆ ಹೊತ್ತು ನಿಂತಿದ್ದೆ. ಎಪ್ಪತ್ತರ ಆಸುಪಾಸಿನ ಅಜ್ಜ ಬಂದು, "ಕಿವಿ ಗುಂಯ್ ಅನ್ನಾಕತ್ತೈತಿ, ಏನರ ಹನಿ ಇದ್ರ ಕೊಡೋ ತಮ್ಮಾ" ಅಂದರು. ಹುಡುಗ ಹಿಂದಿನ ರ್ಯಾಕಿಗೆ ಕೈ ಹಾಕಿದ, ಡಬ್ಬಿ ಕೊಟ್ಟ, ದುಡ್ಡು ಇಸ್ಕೊಂಡ. ಹತ್ತು ಸೆಕೆಂಡಿನ ವ್ಯಾಪಾರ. ಡಬ್ಬಿ ತಿರುಗಿಸಿ ನೋಡಿದೆ, ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಇದ್ದ ಡ್ರಾಪ್ಸ್. ಅಜ್ಜನ ಕಿವಿಯಲ್ಲಿ ಹತ್ತಿ ಇತ್ತು, ಹತ್ತಿಯ ತುದಿ ಹಳದಿಯಾಗಿತ್ತು. ಕಿವಿ ಸೋರುತ್ತಿದ್ದರೆ ಒಳಗಿನ ತಮಟೆಯಲ್ಲಿ ತೂತಿರುವ ಸಾಧ್ಯತೆ ದೊಡ್ಡದು. ತೂತಿದ್ದ ಕಿವಿಗೆ ಈ ಔಷಧ ಬಿಟ್ಟರೆ ಒಳಗಿವಿಗೇ ಪೆಟ್ಟು ಬೀಳಬಹುದು.

ಹುಡುಗನನ್ನು ಬೈಯಬೇಕು ಅನ್ನಿಸಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವುದು, ಕಿವಿ ಮಷೀನ್ ಹೊಂದಿಸುವುದು ನನ್ನ ಕೆಲಸ. ಆದರೆ ನನ್ನ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಅದಕ್ಕೂ ಮೊದಲು ನಾಲ್ಕಾರು ಸಲ ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಿರುತ್ತಾರೆ. ಅಲ್ಲಿ ಪಾಳಿ ಇಲ್ಲ, ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ, ಗುರುತಿದ್ದರೆ ಉದ್ರಿಯೂ ಸಿಗುತ್ತದೆ. ಕುಷ್ಟಗಿ, ಕನಕಗಿರಿ ಕಡೆಯ ಹಳ್ಳಿಯವರಿಗೆ ಜಿಲ್ಲಾಸ್ಪತ್ರೆ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತ ಅರ್ಥ. ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣದ ಆರೈಕೆ ಬೇಕಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿತು. ಆ ಲೆಕ್ಕದೊಳಗೆ ನಮ್ಮ ಅಜ್ಜನೂ ಇದ್ದಾನೆ. ಅವನು ಮೊದಲು ಮಾತಾಡಿಸುವುದು ಕೌಂಟರಿನ ಹುಡುಗನನ್ನು. ಅದಕ್ಕೇ ಪಾಠ ಕೌಂಟರಿನಿಂದ ಶುರುವಾಗಬೇಕು.

ಮೊದಲು ಒಂದು ವಾರ ಬರೀ ಎಣಿಸಿ

ತರಬೇತಿಗೆ ಮುಂಚೆ ಪ್ರತಿ ಅಂಗಡಿಗೆ ನೂರು ಪುಟದ ಒಂದು ನೋಟ್‌ಬುಕ್ ಕೊಡಿ. ಕಿವಿಯ ಮಾತು ಎತ್ತಿದ ಪ್ರತಿಯೊಬ್ಬರಿಗೂ ಒಂದು ಸಾಲು: ವಯಸ್ಸು, ಏನು ತೊಂದರೆ ಅಂದರು, ಏನು ಕೊಟ್ಟಿರಿ. ಹೆಸರು ಬೇಡ. ಒಂದು ವಾರದ ನಂತರ ಮಾಲೀಕರ ಮುಂದೆ ಆ ಪುಸ್ತಕ ತೆರೆದರೆ ನೀವು ಅರ್ಧ ಗಂಟೆ ಭಾಷಣ ಮಾಡುವುದು ತಪ್ಪುತ್ತದೆ. "ಇಷ್ಟ ಮಂದಿ ಬರ್ತಾರೇನ್ರಿ ನಮ್ಮಲ್ಲಿ?" ಅಂತ ಅವರೇ ಕೇಳುತ್ತಾರೆ.

ಯಾರನ್ನು ಕೂರಿಸಬೇಕು ಎನ್ನುವುದರಲ್ಲಿ ನಾನು ಮೊದಲ ಸಲ ಎಡವಿದೆ. ಡಿ.ಫಾರ್ಮಾ ಆದವರನ್ನಷ್ಟೇ ಕರೆದೆ. ಲೈಸೆನ್ಸಿನಲ್ಲಿ ಹೆಸರು ಅವರದೇ, ಸರಿ. ಆದರೆ ಸಂಜೆ ಆರರಿಂದ ಒಂಬತ್ತರ ಗದ್ದಲದಲ್ಲಿ ಗಿರಾಕಿಯ ಮುಖ ನೋಡುವವನು ಹತ್ತನೇ ಕ್ಲಾಸಿನ ಮೇಲೆ ಕೆಲಸಕ್ಕೆ ಸೇರಿದ ಹುಡುಗ. ಅವನೂ ಬರಬೇಕು. ಮಾಲೀಕರು ಕೊನೆಯ ಅರ್ಧ ಗಂಟೆಗಾದರೂ ಕೂರಬೇಕು, ಇಲ್ಲದಿದ್ದರೆ ಹುಡುಗ ಕಲಿತದ್ದು ಮರುದಿನವೇ "ಸುಮ್ನ ಕೊಟ್ಟು ಕಳಸೋ" ಎಂಬ ಒಂದು ಮಾತಿಗೆ ಮುಗಿಯುತ್ತದೆ. ಜಿಲ್ಲೆಯ ಔಷಧ ವ್ಯಾಪಾರಿಗಳ ಸಂಘದ ಮೂಲಕ ಕರೆಸಿದರೆ ಜನ ಬರುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ಹೊತ್ತು. ನಮ್ಮ ಬಿಸಿಲಿಗೆ ಆಗ ಗಿರಾಕಿಗಳಿರುವುದಿಲ್ಲ. ಒಂದೇ ದಿನ ಎಂಟು ಗಂಟೆ ಕೂರಿಸಬೇಡಿ. ಎರಡೆರಡು ಗಂಟೆಯಂತೆ ನಾಲ್ಕು ದಿನ ಸಾಕು.

ಒಂದು ಗೆರೆಯನ್ನು ಮೊದಲ ದಿನವೇ ಎಳೆದುಬಿಡಿ. ಈ ತರಬೇತಿಯಿಂದ ಯಾರೂ ಡಾಕ್ಟರ್ ಆಗುವುದಿಲ್ಲ. ಷೆಡ್ಯೂಲ್ ಎಚ್ ಔಷಧಕ್ಕೆ ಡಾಕ್ಟರ ಚೀಟಿ ಬೇಕೇಬೇಕು, ಆಂಟಿಬಯೋಟಿಕ್ ಡ್ರಾಪ್ಸಿಗೂ ಅದೇ. ಹುಡುಗರು ಕಲಿಯುವುದು ಕೇಳುವುದು, ಗುರುತಿಸುವುದು, ಕಳಿಸುವುದು.

ಹಲಗೆ ಮತ್ತು ಭತ್ತದ ಗದ್ದೆ

ನನ್ನ ಮೊದಲ ತರಬೇತಿಯಲ್ಲಿ, ಯಾವ ಸದ್ದು ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ, ಅಂದರೆ ಆಡಿಯೋಗ್ರಾಮ್‌ನ ಸ್ಲೈಡುಗಳನ್ನು ತೋರಿಸಿದ್ದೆ. ಹತ್ತು ನಿಮಿಷಕ್ಕೆ ಅರ್ಧ ಮಂದಿ ಮೊಬೈಲಿನೊಳಗೆ ಇಳಿದರು. ಈಗ ಒಂದು ಹಲಗೆ ಒಯ್ಯುತ್ತೇನೆ, ಮೊಹರಂನಲ್ಲಿ ಬಾರಿಸುವಂಥದ್ದು. ಬಾರಿಸಿ ತೋರಿಸುತ್ತೇನೆ, ಕಿವಿಯ ತಮಟೆಯೂ ಹೀಗೇ ಅನ್ನುತ್ತೇನೆ. ಹೊರಗಿನ ಕಾಲುವೆಯಲ್ಲಿ ಗುಗ್ಗಿ ತುಂಬಿದರೆ ಹಲಗೆಯ ಮೇಲೆ ಗೋಣಿಚೀಲ ಹೊದಿಸಿದ ಹಾಗೆ. ಚೀಲ ತೆಗೆದರೆ ಸಪ್ಪಳ ಮರಳಿ ಬರುತ್ತದೆ. ಚರ್ಮ ಹರಿದಿದ್ದರೆ ಅದು ಸೋರುವ ಕಿವಿ. ಅದಕ್ಕೆ ಎಣ್ಣೆ, ನೀರು, ಸಿಕ್ಕಸಿಕ್ಕ ಹನಿ ಏನೂ ಹೋಗಬಾರದು.

ಒಳಗಿವಿಗೆ ಭತ್ತದ ಗದ್ದೆಯೇ ಸರಿಯಾದ ಹೋಲಿಕೆ. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಂಖದಂಥ ಸುರುಳಿಯೊಳಗೆ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ, ಶಬ್ದ ಬಂದಾಗ ಗಾಳಿಗೆ ಸಸಿ ಬಾಗಿದ ಹಾಗೆ ಬಾಗಿ ಏಳುತ್ತವೆ. ದಿನಾ ಅದರ ಮೇಲೆ ಎಮ್ಮೆ ಓಡಾಡಿದರೆ? ಸಸಿ ಮತ್ತೆ ಏಳುವುದಿಲ್ಲ, ಮನುಷ್ಯನ ಕಿವಿಯಲ್ಲಿ ಮರುನಾಟಿಯೂ ಇಲ್ಲ. ಹನಿ ಔಷಧ ಅಲ್ಲಿಗೆ ತಲುಪಿ ರಿಪೇರಿ ಮಾಡುವುದಿಲ್ಲ ಎನ್ನುವುದು ಆ ಕ್ಷಣದಲ್ಲೇ ಎಲ್ಲರಿಗೂ ಹೊಳೆಯುತ್ತದೆ. ಎಮ್ಮೆ ಯಾವುದು ಅಂತ ಅವರನ್ನೇ ಕೇಳಿ. ರೈಸ್ ಮಿಲ್ಲು, ಹತ್ತಿ ಜಿನ್ನಿಂಗ್, ಹಟ್ಟಿ ಚಿನ್ನದ ಗಣಿಯ ಡ್ರಿಲ್ಲಿಂಗ್, ಸಂಡೂರಿನ ಗಣಿ, ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆ, ಮದುವೆಯ ಡಿಜೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. ಸದ್ದು ಪ್ರತಿ 3 ಡೆಸಿಬಲ್ ಏರಿದಾಗಲೂ ತಾಳುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಒಂದು ಮೊಳ ದೂರದಲ್ಲಿ ನಿಂತವನಿಗೆ ಕೂಗಿ ಹೇಳಬೇಕಾದರೆ ಅಲ್ಲಿನ ಸದ್ದು ಜಾಸ್ತಿಯಾಗಿದೆ ಅಂತಲೇ ತಿಳಿಯಬೇಕು. ಇಯರ್ ಪ್ಲಗ್ ಅಂಗಡಿಯಲ್ಲಿ ಇಡಬಹುದಾದ ಸಾಮಾನು. ಮಿಲ್ಲಿನ ಹಮಾಲರಿಗೆ ತೋರಿಸಿ ಮಾರಲಿ, ನನ್ನ ತಕರಾರಿಲ್ಲ.

ಡಬ್ಬಿಗೆ ಕೈ ಹಾಕುವ ಮುಂಚೆ

ಇಡೀ ತರಬೇತಿಯ ತಿರುಳು ಇಲ್ಲಿದೆ. ಹುಡುಗರು ಬೇರೆಲ್ಲ ಮರೆತರೂ ಈ ಮೂರು ಪ್ರಶ್ನೆ ಬಾಯಿಗೆ ಬರಬೇಕು:

"ಕಿವಿ ಸೋರತೈತೇನ್ರಿ?"

"ಯಾವಾಗಿಂದ? ಒಮ್ಮೆಲೇ ಆತೋ, ಬರಬರತ ಆತೋ? ಒಂದ ಕಿವಿನೋ, ಎರಡೂನೋ?"

"ಸಕ್ಕರಿ ಕಾಯಿಲೆ ಐತೇನ್ರಿ? ಇದಕ್ಕೂ ಮುಂಚೆ ಕಿವಿಗೆ ಏನರ ಹಾಕೀರೇನು?"

ಮೂರನೆಯದರ ಉತ್ತರಕ್ಕೆ ಕಾಯಲು ಹೇಳಿ. ಬೆಳ್ಳುಳ್ಳಿ ಕಾಸಿದ ಎಣ್ಣೆ, ಜಾತ್ರೆಯಲ್ಲಿ ಕಿವಿ ಸ್ವಚ್ಛ ಮಾಡುವವನ ಕಡ್ಡಿ, ಕಳೆದ ವರ್ಷ ಉಳಿದ ಹಳೆಯ ಡ್ರಾಪ್ಸ್, ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ನಾಚಿಕೆಯಿಂದ ಬರುತ್ತವೆ, ಹಾಗಾಗಿ ನಗಬಾರದು.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ನಾಟಕ ಆಡಿಸಿ. ಒಬ್ಬ ಗಿರಾಕಿ, ಒಬ್ಬ ಹುಡುಗ. ಗಿರಾಕಿ ಅವಸರ ಮಾಡಬೇಕು, "ಬಸ್ಸು ಹೊಂಟೈತಿ, ಲಗೂ ಕೊಡು" ಅನ್ನಬೇಕು. ಮೂರೂ ಪ್ರಶ್ನೆಗೆ ಹಿಡಿಯುವುದು ಅರ್ಧ ನಿಮಿಷ. ಗಡಿಯಾರ ಇಟ್ಟು ತೋರಿಸಿ, ಯಾಕೆಂದರೆ "ಟೈಮ್ ಎಲ್ಲೈತ್ರಿ" ಎನ್ನುವುದೇ ಮಾಲೀಕರ ಮೊದಲ ತಕರಾರು.

ಸೋರುವುದಿಲ್ಲ, ನೋವಿಲ್ಲ, ಹಿಂದೆ ಕಿವಿ ಆಪರೇಷನ್ ಆಗಿಲ್ಲ, ಬರೀ ಕಟ್ಟಿದ ಹಾಗೆ ಆಗಿದೆ ಅಂದರೆ ಗುಗ್ಗಿ ಕರಗಿಸುವ ಹನಿ ಮೂರರಿಂದ ಐದು ದಿನ ಬಿಟ್ಟು ನೋಡಬಹುದು. ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ. ಸೋರುತ್ತಿದ್ದರೆ ಗುಗ್ಗಿಯ ಹನಿಯೂ ಬೇಡ, ಎಣ್ಣೆಯೂ ಬೇಡ. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಬಾಯಿಗೆ ಇಡಲಿ, ಆಮೇಲೆ ತೆಗೆಯಲಿ, ಅಂಗಡಿಯ ಹುಡುಗ ಬರೆದುಕೊಟ್ಟ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಲಿ.

ಹತ್ತಿ ಸುತ್ತಿದ ಇಯರ್‌ಬಡ್ಸ್ ಬಗ್ಗೆ ನಾನು ಸೋತಿದ್ದೇನೆ. ಗುಗ್ಗಿಯನ್ನು ಅದು ಹೊರಗೆ ತರುವುದಕ್ಕಿಂತ ಒಳಕ್ಕೆ ತುರುಕುವುದೇ ಹೆಚ್ಚು ಅಂತ ಎಷ್ಟು ಹೇಳಿದರೂ ಅದು ಕೌಂಟರಿನ ಮೇಲೆಯೇ ಇರುತ್ತದೆ. ಕೆಳಗಿನ ಡ್ರಾಯರಿಗಾದರೂ ಇಳಿಸಿ ಅಂತ ಕೇಳಿಕೊಳ್ಳುತ್ತೇನೆ.

ಕೆಂಪು ಪಟ್ಟಿ

ಇದನ್ನು ಅಚ್ಚು ಹಾಕಿಸಿ ಕೌಂಟರಿನ ಗಾಜಿನ ಕೆಳಗೆ ಇಡಿ, ಗಿರಾಕಿಗೆ ಕಾಣದಂತೆ ಹುಡುಗನ ಕಡೆಗೆ ಮುಖಮಾಡಿ.

ರಾತ್ರಿ ಮಲಗುವಾಗ ಸರಿಯಿದ್ದ ಕಿವಿ ಬೆಳಿಗ್ಗೆ ಕೇಳಿಸದಿದ್ದರೆ, ಅಥವಾ ಎರಡು ಮೂರು ದಿನದೊಳಗೆ ಇಳಿದರೆ, ಅದು ತುರ್ತು. ಜನ ಇದನ್ನು "ಶೀತ ಆಗೇತಿ, ತಾನಾ ಸರಿಹೋಗ್ತೈತಿ" ಅಂತ ಬಿಡುತ್ತಾರೆ. ಮೊದಲ ಎರಡು ವಾರದೊಳಗೆ ಸ್ಟೀರಾಯ್ಡ್ ಚಿಕಿತ್ಸೆ ಸಿಕ್ಕರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ಹೀಗೆ ಬಂದವರನ್ನು ಅದೇ ದಿನ ಕಿವಿ, ಮೂಗು, ಗಂಟಲು ನೋಡುವ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಬೇಕು.

ಕಿವಿಯ ಹಿಂದೆ ಬಾವು ಮತ್ತು ಜ್ವರ, ಮುಖ ಒಂದು ಕಡೆ ಸೊಟ್ಟ ಆಗಿರುವುದು, ತಲೆ ಗಿರಗಿರ ತಿರುಗುವುದು, ಪೆಟ್ಟು ಬಿದ್ದು ಕಿವಿಯಿಂದ ರಕ್ತ. ಇವಕ್ಕೆ ವಿವರಣೆ ಬೇಕಿಲ್ಲ, ಆಸ್ಪತ್ರೆ ಅಷ್ಟೇ. ಸಕ್ಕರೆ ಕಾಯಿಲೆಯ ಹಿರಿಯರು ರಾತ್ರಿಯೆಲ್ಲ ನಿದ್ದೆಗೆಡಿಸುವ ಕಿವಿನೋವು, ಸೋರಿಕೆ ಅಂದರೆ ಅದು ಎಲುಬಿಗೆ ಇಳಿಯುವ ಸೋಂಕು ಇರಬಹುದು. ನೋವಿನ ಗುಳಿಗೆ ಕೊಟ್ಟು ಕಳಿಸಿದರೆ ಅನಾಹುತ.

ಮಕ್ಕಳ ಕಿವಿಯೊಳಗೆ ಏನಾದರೂ ಹೋಗಿದ್ದರೆ ಏನು ಹೋಗಿದೆ ಅಂತ ಕೇಳುವುದು ಮುಖ್ಯ. ಕಡಲೆ, ತೊಗರಿ ಕಾಳಿಗೆ ನೀರು ಬಿಟ್ಟರೆ ಅದು ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ಜೀವಂತ ಹುಳು ಹೊಕ್ಕಿದ್ದರೆ, ಕಿವಿ ಸೋರದಿದ್ದರೆ, ಎರಡು ಹನಿ ಎಣ್ಣೆ ಬಿಟ್ಟು ಅದನ್ನು ಸುಮ್ಮನಾಗಿಸಿ ಡಾಕ್ಟರ ಹತ್ತಿರ ಕಳಿಸಬಹುದು. ಎಣ್ಣೆಗೆ ನಾನು ಒಪ್ಪುವ ಜಾಗ ಇದೊಂದೇ. ಆಟಿಗೆಯ ಗುಂಡಿ ಸೆಲ್ ಹೋಗಿದ್ದರೆ ಯಾವ ಹನಿಯೂ ಬೇಡ, ಒಂದು ನಿಮಿಷವೂ ತಡ ಬೇಡ. ಒದ್ದೆ ತಾಗಿದ ಸೆಲ್ ಕೆಲವೇ ಗಂಟೆಗಳಲ್ಲಿ ಚರ್ಮ ಸುಡುತ್ತದೆ.

ಇನ್ನೊಂದು ಮಾತು ಸೂಜಿಯದು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ನಡೆಯುತ್ತಿರುವವರು ಕಿವಿ ಗುಂಯ್ ಅನ್ನುತ್ತದೆ ಅಂದರೆ, ಬರೆದುಕೊಟ್ಟ ಡಾಕ್ಟರಿಗೆ ಅಂದೇ ತಿಳಿಸಲು ಹೇಳಬೇಕು. ಔಷಧ ನಿಲ್ಲಿಸಿ ಅಂತ ಹುಡುಗ ಹೇಳಕೂಡದು.

ಕೂಸಿನ ವಿಷಯ ಮನೆಯವರು ತಾವಾಗಿ ಎತ್ತುವುದು ಕಡಿಮೆ. ಡೈಪರ್, ಗ್ರೈಪ್ ವಾಟರ್ ಕೊಳ್ಳಲು ಬಂದ ತಾಯಿಯನ್ನು "ಸಪ್ಪಳಕ್ಕ ಬೆಚ್ಚಿ ಬೀಳ್ತೈತೇನವ್ವಾ ಕೂಸು?" ಅಂತ ಕೇಳಿದರೆ ಸಾಕು. ಅನುಮಾನವಿದ್ದರೆ "ಇನ್ನೂ ಸಣ್ಣದೈತಿ, ಮಾತು ತಡ ಆಗಿ ಬರ್ತಾವು" ಎಂಬ ಸಮಾಧಾನ ಬೇಡ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ಎಲ್ಲೆಡೆ ಒಪ್ಪಿದ ಲೆಕ್ಕ. ನಮ್ಮ ಕಡೆ ಅಕ್ಕನ ಮಗಳು, ಸೋದರಮಾವ ಅಂತ ರಕ್ತಸಂಬಂಧದ ಮದುವೆ ಹೆಚ್ಚು, ಹುಟ್ಟುಕಿವುಡಿನ ಸಾಧ್ಯತೆಯೂ ಅಂಥ ಮನೆಗಳಲ್ಲಿ ಹೆಚ್ಚು. ಆದರೆ ಕೌಂಟರಿನಲ್ಲಿ ನಿಂತು ಯಾರ ಮದುವೆಯನ್ನೂ ವಿಚಾರಿಸಬೇಡಿ. ಕೂಸನ್ನು ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಿದರೆ ಸಾಕು.

ತಲೆ ಅಲ್ಲಾಡಿಸುವ ಅಜ್ಜ

ಕಿವಿ ಮಂದವಾದ ಹಿರಿಯರು "ನನಗ ಕೇಳ್ಸಂಗಿಲ್ಲ" ಅಂತ ಹೇಳಿಕೊಂಡು ಬರುವುದಿಲ್ಲ. ಬಿಪಿ, ಶುಗರ್ ಗುಳಿಗೆಗೆ ತಿಂಗಳಿಗೊಮ್ಮೆ ಬರುತ್ತಾರೆ. ಹುಡುಗ ಹೇಳಿದ್ದಕ್ಕೆಲ್ಲ "ಹ್ಞೂಂ, ಹ್ಞೂಂ" ಅನ್ನುತ್ತಾರೆ. ಕಣ್ಣು ಹುಡುಗನ ತುಟಿಯ ಮೇಲಿರುತ್ತದೆ, ಒಂದು ಕಿವಿ ಮುಂದೆ ಬಂದಿರುತ್ತದೆ, ಉತ್ತರ ಮೊಮ್ಮಗಳಿಂದ ಬರುತ್ತದೆ. ಈ ನಾಲ್ಕು ಗುರುತುಗಳನ್ನು ನಾನು ಹುಡುಗರಿಂದಲೇ ಕಲಿತೆ. "ನಮ್ಮ ಅಂಗಡಿಗೆ ಇಂಥವ್ರು ಯಾರ್ಯಾರು ಬರ್ತಾರ?" ಅಂತ ಕೇಳಿದರೆ ಪ್ರತಿಯೊಬ್ಬನೂ ಇಬ್ಬರು ಮೂವರನ್ನು ನೆನಪು ಮಾಡಿಕೊಳ್ಳುತ್ತಾನೆ.

ಅಪಾಯ ಗುಳಿಗೆಯಲ್ಲಿದೆ. ಶುಗರ್ ಗುಳಿಗೆ "ಊಟಕ್ಕ ಮುಂಚೆ" ಅಂದದ್ದು "ಊಟದ ಮ್ಯಾಲೆ" ಅಂತ ಕೇಳಿಸಿದರೆ? ಹಾಗಾಗಿ ಹೇಳಿದ ಮೇಲೆ ಅವರ ಬಾಯಿಂದಲೇ ಹೇಳಿಸಬೇಕು. "ಅಜ್ಜಾ, ಮನ್ಯಾಗ ಹೆಂಗ ತಗೋತೀರಿ, ನನಗೊಮ್ಮೆ ಹೇಳ್ರಿ." ಮುಖ ನೋಡಿ ಮಾತಾಡಬೇಕು, ರ್ಯಾಕಿನ ಕಡೆ ತಿರುಗಿ ಅಲ್ಲ. ಕೂಗಬಾರದು, ಕೂಗಿದರೆ ಮಾತು ಒಡೆಯುತ್ತದೆ, ಅಂಗಡಿಯ ಮುಂದೆ ನಿಂತ ಹತ್ತು ಜನಕ್ಕೆ ಅವರ ಕಾಯಿಲೆಯೂ ಗೊತ್ತಾಗುತ್ತದೆ. ನಿಧಾನಕ್ಕೆ, ಸ್ವಲ್ಪ ದಪ್ಪ ದನಿಯಲ್ಲಿ. ಓದು ಬಾರದವರಿಗೆ ಗುಳಿಗೆಯ ಚೀಲದ ಮೇಲೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರ.

ಇಂಥವರು ಒಪ್ಪಿದರೆ ಪಿಸುಮಾತಿನ ಪರೀಕ್ಷೆ ಮಾಡಬಹುದು. ಇದಕ್ಕೆ ಯಂತ್ರ ಬೇಡ, ನಿಶ್ಶಬ್ದ ಬೇಕು. ಕೌಂಟರಿನಲ್ಲಿ ಆಗದು. ಹಿಂದಿನ ಗೋದಾಮಿನ ಕೋಣೆ, ಫ್ಯಾನ್ ಆರಿಸಿ, ಮಧ್ಯಾಹ್ನದ ಹೊತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ತುಟಿ ಕಾಣದಂತೆ ಒಂದು ಕೈಯಳತೆ ಹಿಂದೆ ನಿಲ್ಲಬೇಕು. ಪರೀಕ್ಷೆ ಮಾಡದ ಕಿವಿಯ ಬಾಯಿಯ ಮುಂದಿನ ಮೆತ್ತನೆ ಮೃದ್ವಸ್ಥಿಯನ್ನು ಬೆರಳಿನಿಂದ ಒತ್ತಿ ಮೆಲ್ಲಗೆ ಉಜ್ಜುತ್ತಿರಬೇಕು. ಪೂರ್ತಿ ಉಸಿರು ಹೊರಗೆ ಬಿಟ್ಟು, ಉಳಿದ ಗಾಳಿಯಲ್ಲಿ ಮೂರು ಅಂಕಿ ಪಿಸುಗುಡಬೇಕು: ನಾಕು, ಎಂಟು, ಎರಡು. ಮೂರೂ ಸರಿ ಹೇಳಿದರೆ ಆ ಕಿವಿ ಪಾಸು. ತಪ್ಪಿದರೆ ಬೇರೆ ಮೂರು ಅಂಕಿ. ಒಟ್ಟು ಆರರಲ್ಲಿ ಮೂರಕ್ಕಿಂತ ಕಡಿಮೆ ಸರಿಯಾದರೆ ಪೂರ್ತಿ ಪರೀಕ್ಷೆಗೆ ಕಳಿಸಬೇಕು. ಹುಡುಗರು ಮಾಡುವ ತಪ್ಪು ಒಂದೇ, ಅಜ್ಜನ ಮೇಲಿನ ಕನಿಕರಕ್ಕೆ ಎರಡನೇ ಸಲ ದನಿ ಏರಿಸಿಬಿಡುತ್ತಾರೆ. ಒಬ್ಬರ ಮೇಲೊಬ್ಬರು ಇಪ್ಪತ್ತು ಸಲ ಮಾಡಿ ರೂಢಿಯಾಗಲಿ.

ರಾಯಚೂರು, ಬಳ್ಳಾರಿ ಕಡೆ ತೆಲುಗು, ಉರ್ದು ಮನೆಮಾತಿನವರು ಬಹಳ, ತಾಂಡಾಗಳಿಂದ ಲಂಬಾಣಿ ಮಾತಾಡುವವರು ಬರುತ್ತಾರೆ. ಅಂಕಿಗಳನ್ನು ಅವರ ಭಾಷೆಯಲ್ಲೇ ಹೇಳಬೇಕು. ಭಾಷೆ ತಿಳಿಯದ್ದನ್ನು ಕಿವಿ ಕೇಳಿಸದ್ದು ಅಂತ ಬರೆದುಕೊಂಡ ಉದಾಹರಣೆ ನನ್ನ ಪುಸ್ತಕದಲ್ಲೇ ಇದೆ.

ಕಿವಿಯೊಳಗೆ ನೋಡುವ ಓಟೋಸ್ಕೋಪನ್ನು ಕೊಡಬೇಕೇ ಅಂತ ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಬೇಡ. ಕೈಯಲ್ಲಿ ಸಲಕರಣೆ ಬಂದರೆ ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ.

ಚೀಟಿ ಎಲ್ಲಿಗೆ?

"ದೊಡ್ಡ ಆಸ್ಪತ್ರೆಗೆ ಹೋಗ್ರಿ" ಎನ್ನುವುದು ಚೀಟಿ ಅಲ್ಲ. ತರಬೇತಿಗೆ ಮುಂಚೆ ನೀವೇ ಓಡಾಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಇಎನ್‌ಟಿ ಡಾಕ್ಟರು ಯಾವ ದಿನ ಇರುತ್ತಾರೆ, ಜಿಲ್ಲಾಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆಯ ಕೋಣೆ ಎಷ್ಟನೇ ನಂಬರು, ಎಷ್ಟು ಗಂಟೆಯೊಳಗೆ ಅಲ್ಲಿ ಹೊರರೋಗಿ ಚೀಟಿ ಮಾಡಿಸಬೇಕು, ಇಷ್ಟನ್ನು ಬರೆದುಕೊಳ್ಳಿ. ಅದನ್ನೇ ಅಂಗಡಿಯಿಂದ ಕೊಡುವ ಚೀಟಿಯ ಹಿಂದೆ ಅಚ್ಚು ಹಾಕಿಸಿ. ಕೊಪ್ಪಳದವರಿಗೆ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ರಾಯಚೂರಿನವರಿಗೆ ರಿಮ್ಸ್, ಬಳ್ಳಾರಿ ಕಡೆಯವರಿಗೆ ಎಲ್ಲರೂ ಇನ್ನೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ. ಇವುಗಳಿಗೆ ಮೀರಿದ್ದಕ್ಕೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

ಚೀಟಿಯ ಮುಂದೆ ಹುಡುಗ ಬರೆಯಬೇಕಾದ್ದು ನಾಲ್ಕೇ ಸಾಲು: ಯಾವ ಕಿವಿ, ಎಷ್ಟು ದಿನ, ಸೋರಿಕೆ ಇದೆಯೋ ಇಲ್ಲವೋ, ಇದುವರೆಗೆ ಏನು ಹಾಕಿದ್ದಾರೆ. ಅಂಗಡಿಯ ಸೀಲು ಹಾಕಲಿ. ಸೀಲು ಬಿದ್ದ ಕಾಗದಕ್ಕೆ ನಮ್ಮ ಜನ ಕೊಡುವ ಬೆಲೆಯೇ ಬೇರೆ.

ಸರ್ಕಾರದ ಯೋಜನೆಗಳ ಬಗ್ಗೆ ಹುಡುಗರಿಗೆ ಎರಡು ವಿಷಯ ಗೊತ್ತಿದ್ದರೆ ಸಾಕು. ಎರಡೂ ಕಿವಿಯಲ್ಲಿ 60 ಡೆಸಿಬಲ್ ಅಥವಾ ಹೆಚ್ಚಿನ ನಷ್ಟವಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅದು ಶ್ರವಣ ದೋಷ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಂಡು ಅರ್ಜಿ ಹಾಕಬಹುದು. ಆದಾಯ ಕಡಿಮೆ ಇರುವವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಕಿವಿ ಮಷೀನ್ ಸಿಗುತ್ತದೆ.

ಡಬ್ಬಿಯೊಳಗಿನ ಮಷೀನ್

ಮಷೀನ್ ಸಿಕ್ಕವರ ಮನೆಗೆ ಹೋಗಿ ನೋಡಿದರೆ ಅದು ಟ್ರಂಕಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತದೆ. ಕಾರಣ ಹಲವು ಸಲ ಸೆಲ್. ಹಳ್ಳಿಯಲ್ಲಿ ಸಿಗುವುದಿಲ್ಲ, ಸಿಟಿಗೆ ಹೋಗಲು ಮಗನಿಗೆ ಪುರಸೊತ್ತಿಲ್ಲ. ಮೆಡಿಕಲ್ ಶಾಪ್ ನಿಜಕ್ಕೂ ಬಲ ಕೊಡಬಹುದಾದ ಜಾಗ ಇದು, ಮಾಲೀಕರಿಗೆ ಎರಡು ಕಾಸು ಉಳಿಯುವುದೂ ಇಲ್ಲೇ.

ಕಿವಿ ಮಷೀನಿನ ಸೆಲ್‌ಗಳ ಅಳತೆಯನ್ನು ಬಣ್ಣದಿಂದ ಗುರುತಿಸುತ್ತಾರೆ: 10 ಹಳದಿ, 312 ಕಂದು, 13 ಕೇಸರಿ, 675 ನೀಲಿ. ಕಿವಿಯ ಹಿಂದೆ ಕೂರುವ ಮಷೀನುಗಳಿಗೆ ಹೆಚ್ಚಾಗಿ 13 ಮತ್ತು 675 ಬೇಕಾಗುತ್ತವೆ. ಅವೆರಡನ್ನು ಮೊದಲು ತರಿಸಲಿ, ಸ್ವಲ್ಪವೇ ತರಿಸಲಿ. ಜೇಬಿನಲ್ಲಿ ಇಟ್ಟುಕೊಳ್ಳುವ ಹಳೆಯ ಮಾದರಿಗೆ ಪೆನ್ಸಿಲ್ ಸೆಲ್ ಸಾಕು.

ಒಂದು ಸ್ಟ್ರಿಪ್ ಒಡೆದು ಎಲ್ಲರ ಕೈಗೂ ಒಂದೊಂದು ಕೊಡಿ. ಬೆನ್ನಿಗೆ ಬಣ್ಣದ ಸ್ಟಿಕರ್ ಇರುತ್ತದೆ. ಇದು ಗಾಳಿ ಕುಡಿದು ಜೀವ ತಳೆಯುವ ಸೆಲ್. ಸ್ಟಿಕರ್ ಕಿತ್ತ ಕೂಡಲೇ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗುತ್ತದೆ. ಕಿತ್ತು ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಕಿತ್ತ ಮೇಲೆ ಮಷೀನ್ ಬಳಸದಿದ್ದರೂ ಸೆಲ್ ಸವೆಯುತ್ತಲೇ ಇರುತ್ತದೆ, ಸ್ಟಿಕರ್ ಮರಳಿ ಅಂಟಿಸಿ ಪ್ರಯೋಜನವಿಲ್ಲ. ಒಬ್ಬ ಅಜ್ಜಿ ಚಂದ ಅಂತ ಆರೂ ಸ್ಟಿಕರ್ ಕಿತ್ತು ಮೊಮ್ಮಗಳ ಹಣೆಗೆ ಬೊಟ್ಟು ಇಟ್ಟಿದ್ದರು. ಫ್ರಿಜ್ಜಿನಲ್ಲಿ ಇಡಬಾರದು. ಕೂಸಿನ ಕೈಗೆ ಸಿಗಬಾರದು.

"ಮಷೀನ್ ಕೆಟ್ಟೈತಿ" ಅಂತ ತಂದಾಗ ಹುಡುಗ ಮೂರು ನೋಡಲಿ: ಸೆಲ್ ಪ್ಲಸ್ ಕಡೆ ಸರಿಯಾಗಿ ಕೂತಿದೆಯೇ, ಹೊಸ ಸೆಲ್ ಹಾಕಿದರೆ ಅಂಗೈಯಲ್ಲಿ ಮುಚ್ಚಿದಾಗ ಕುಂಯ್ ಅನ್ನುತ್ತದೆಯೇ, ಕಿವಿಯೊಳಗೆ ಹೋಗುವ ಅಚ್ಚಿನ ತೂತಿನಲ್ಲಿ ಗುಗ್ಗಿ ಕೂತಿದೆಯೇ. ಎಷ್ಟೋ ಕೆಟ್ಟ ಮಷೀನುಗಳು ಒಣ ಬ್ರಷ್‌ಗೆ ಸರಿಯಾಗುತ್ತವೆ. ಸ್ಪಿರಿಟ್, ನೀರು ಮಷೀನಿಗೆ ತಾಗಿಸಬಾರದು.

ಪರೀಕ್ಷೆ ಇಲ್ಲದೆ ಕಿವಿ ಮಷೀನನ್ನೇ ಮಾರುವ ಆಸೆ ಮಾಲೀಕರಿಗೆ ಬರುತ್ತದೆ. ನಾನು ಖಡಾಖಂಡಿತ ಬೇಡ ಅನ್ನುತ್ತೇನೆ. ಎಲ್ಲ ಸದ್ದನ್ನೂ ಒಂದೇ ಸಮ ಏರಿಸುವ ಅಗ್ಗದ ಸಲಕರಣೆ ಹಾಕಿಕೊಂಡವರು ತಲೆ ಸಿಡಿಯಿತು ಅಂತ ಕಿತ್ತಿಡುತ್ತಾರೆ, ಆಮೇಲೆ ಒಳ್ಳೆಯ ಮಷೀನ್ ಕೊಟ್ಟರೂ ಮುಟ್ಟುವುದಿಲ್ಲ.

ಆಮೇಲೆ

ತಿಂಗಳಿಗೊಮ್ಮೆ ಅಂಗಡಿಗೆ ಹೋಗಿ ನೋಟ್‌ಬುಕ್ ನೋಡಿ. ಎಷ್ಟು ಚೀಟಿ ಬರೆದರು, ಅದರಲ್ಲಿ ಎಷ್ಟು ಆಸ್ಪತ್ರೆ ಮುಟ್ಟಿದವು? ಚೀಟಿ ಇಸ್ಕೊಂಡವರಲ್ಲಿ ಹೋಗದವರೇ ಮೊದಮೊದಲು ಹೆಚ್ಚಿರುತ್ತಾರೆ. ಮುಂದಿನ ತಿಂಗಳು ಬಿಪಿ ಗುಳಿಗೆಗೆ ಬಂದಾಗ "ಹೋಗಿ ಬಂದ್ರೇನಜ್ಜಾ?" ಅಂತ ಕೇಳಿಸಿ. ಕೆಲಸ ಬಿಟ್ಟು ಹೋಗುವ ಹುಡುಗರ ಸಂಖ್ಯೆ ದೊಡ್ಡದು, ಆರು ತಿಂಗಳಿಗೊಮ್ಮೆ ಹೊಸಬರಿಗೆ ಮತ್ತೆ ಮೊದಲಿಂದ ಹೇಳಲು ಸಿದ್ಧರಿರಿ.

ಗುಟ್ಟಾಗಿ ಗಿರಾಕಿಯನ್ನೂ ಕಳಿಸಿ ನೋಡಿ. ಕಳೆದ ಸಲ ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಕಳಿಸಿದ್ದೆ, ಕಿವಿ ಸೋರುತ್ತದೆ ಅನ್ನಲು ಹೇಳಿ. ಹುಡುಗ ಮೂರೂ ಪ್ರಶ್ನೆ ಕೇಳಿದನಂತೆ, ಡ್ರಾಪ್ಸ್ ಕೊಡಲಿಲ್ಲ, ಸೀಲು ಹಾಕಿದ ಚೀಟಿ ಕೊಟ್ಟ. ವ್ಯಾಸಲೀನ್ ಕೊಳ್ಳಲು ಹೇಳಿದ್ದೂ ಸರಿಯಾಗಿತ್ತು. ಖುಷಿಯಾಗಿ ಅಜ್ಜಿಯ ಕೈಚೀಲ ನೋಡಿದರೆ ಅದರೊಳಗೆ ಒಂದು ಇಯರ್‌ಬಡ್ಸ್ ಪ್ಯಾಕೆಟ್. "ಐದ್ರುಪಾಯಿ ಚಿಲ್ಲರ ಇಲ್ಲಂತ ಅವನಾ ಕೊಟ್ಟ" ಅಂದರು.